ಬಜಪೆಯಿಂದ ಹುಬ್ಬಳ್ಳಿಗೆ ಒಂದು ಗಂಟೆ

ಬಜಪೆ ದಿಬ್ಬ
ನಿಮ್ಮ ಲೆಕ್ಕದಲ್ಲಿ 2561ನೆಯ ಇಸವಿಯ ಆಷಾಢ

ಹಿಂದಿನವರಾದ ನಿಮಗೆ ನಮಸ್ಕಾರ.

ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಮುರಿದ ಗೋಡೆಗಳ ಮೇಲಿನ ಬರಹದಿಂದ ಕಲಿತವಳು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಅದು ಕಾಗದವನ್ನು ಕಳೆದ ಕಾಲಕ್ಕೆ ಒಯ್ಯುತ್ತದೆ, ಮನುಷ್ಯರನ್ನು ಒಯ್ಯುವುದಿಲ್ಲ, ಉತ್ತರವನ್ನೂ ತರುವುದಿಲ್ಲ. ನನ್ನ ಹೆಸರು ಕಲ್ಯಾಣಿ. ಮಗಳು ವಾರಿಜ ಹುಬ್ಬಳ್ಳಿಯಲ್ಲಿ ತುಂಬಿದ ಬಸುರಿ. ಹೆರಿಗೆಯ ಹೊತ್ತಿಗೆ ನಾನು ಅವಳ ಪಕ್ಕದಲ್ಲಿರಬೇಕು.

ಸಮುದ್ರ ಈಗ ದಿಬ್ಬದ ಬುಡದವರೆಗೆ ಬಂದಿದೆ. ನಿಮ್ಮ ರನ್‌ವೇ ಮೇಲೆ ನಾವು ಭತ್ತ, ಮೀನು ಒಣಗಿಸುತ್ತೇವೆ, ಮಕ್ಕಳು ಅಲ್ಲೇ ನಡೆಯಲು ಕಲಿಯುತ್ತಾರೆ. ದೂರವನ್ನು ನಾವು ಹೊತ್ತಿನಲ್ಲೇ ಅಳೆಯುವುದು. ಹೆಣ್ಣು ಕೊಡುವಾಗ ಗಂಜಿದೂರ ನೋಡುವ ಪದ್ಧತಿ ಇದೆ. ತಾಯಿ ಬೇಯಿಸಿದ ಗಂಜಿ ಹಳಸುವ ಮೊದಲು ಮಗಳ ಮನೆ ಮುಟ್ಟಬೇಕು. ಅದಕ್ಕಿಂತ ಆಚೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಊರೂರು ಸುತ್ತುತ್ತಾ ಬಂದ ಹುಬ್ಬಳ್ಳಿಯ ಕಂಬಳಿ ವ್ಯಾಪಾರಿಯೊಬ್ಬ ವಾರಿಜಳನ್ನು ಕೇಳಿದಾಗ ನಾನು ಒಪ್ಪಲಿಲ್ಲ. ಆಗ ದಿಬ್ಬದ ಹಿರಿಯ ತನಿಯಪ್ಪಣ್ಣ ರನ್‌ವೇ ಪಕ್ಕದ ನಿಮ್ಮ ಕಟ್ಟಡದಲ್ಲಿ ಉಳಿದಿದ್ದ ಫಲಕ ತೋರಿಸಿದರು. ಮಂಗಳೂರು–ಹುಬ್ಬಳ್ಳಿ, ಇನ್ನೂರ ಎಪ್ಪತ್ತು ಕಿಲೋಮೀಟರು, ಒಂದು ಗಂಟೆ. ಕಿಲೋಮೀಟರು ಏನೆಂದು ನಮಗೆ ತಿಳಿಯದು, ಗಂಟೆ ತಿಳಿದಿದೆ. ನೀವು ಹಾರುತ್ತಿದ್ದಿರೆಂಬ ಮಾತನ್ನು ಮಕ್ಕಳನ್ನು ಮಲಗಿಸುವ ಕತೆ ಎಂದುಕೊಂಡಿದ್ದೆವು. "ಒಂದು ಗಂಟೆಯ ದಾರಿ ಮಾರಾಯ್ತಿ, ಅಷ್ಟಕ್ಕೆ ಎಂತಕ್ಕೆ ಕೂಗುವುದು?" ಎಂದು ಅವರು ನಕ್ಕರು. ನಾನೂ ಕಣ್ಣೊರಸಿಕೊಂಡು ನಕ್ಕೆ, ಒಂದೇ ಹೊತ್ತಿನ ಬುತ್ತಿ ಕಟ್ಟಿ ಕಳಿಸಿದೆ.

ಮಗಳನ್ನು ಬಿಡಲು ಹೋದವರು ಗುರುತು ಸಿಗದಷ್ಟು ಸೊರಗಿ, ಎರಡು ಹುಣ್ಣಿಮೆ ಕಳೆದ ಮೇಲೆ ವಾಪಸಾದರು. ತನಿಯಪ್ಪಣ್ಣ ಅಂದಿನಿಂದ ಆ ಫಲಕದ ಕಡೆ ತಲೆಯೆತ್ತಿ ನೋಡಿಲ್ಲ. ಮೊನ್ನೆ ಇನ್ನೊಬ್ಬ ವ್ಯಾಪಾರಿ ಅವಳ ಮಾತು ತಂದ. "ಅಮ್ಮ ಬರುವುದು ಬೇಡ, ದಾರಿ ಹೇಗುಂಟು ಅಂತ ನಂಗೆ ಗೊತ್ತುಂಟು. ಹೆದರಿಕೆ ಆಗ್ತದೆ ಅಂತ ಮಾತ್ರ ಹೇಳಿ." ಇದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಬರುವ ಅಮಾವಾಸ್ಯೆಗೆ ಅವಳಿಗೆ ದಿನ ತುಂಬುತ್ತದೆ. ಈಗಲೇ ಹೊರಟರೂ ನಾನು ಅರ್ಧ ದಾರಿಯಲ್ಲಿರುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಎಷ್ಟು ಹೊತ್ತೆಂದು ಬರೆದಿರಿ, ಹೇಗೆಂದು ಬರೆಯಲಿಲ್ಲ. ಆದರೂ ಕೈಮುಗಿದು ಕೇಳುತ್ತೇನೆ. ಆ ವಿಮಾನವನ್ನು ಹೇಗೆ ಕಟ್ಟುತ್ತಿದ್ದಿರಿ, ಯಾವುದರಿಂದ ಓಡಿಸುತ್ತಿದ್ದಿರಿ, ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿ ರನ್‌ವೇಯ ಪೂರ್ವದ ತುದಿಯಲ್ಲಿ ಹೂತಿಡಿ. ಒಬ್ಬಳು ಕೂರುವಷ್ಟು ಚಿಕ್ಕ ವಿಮಾನವಾದರೂ ಸಾಕು. ನೀವು ಹೂತಿಟ್ಟ ಗಳಿಗೆಯಲ್ಲೇ ಆ ಕಲ್ಲು ನನ್ನ ಕಾಲ ಕೆಳಗೆ ಇರುತ್ತದೆ.

ದಿನಾ ಬೆಳಿಗ್ಗೆ ಅಲ್ಲಿ ಅಗೆಯುತ್ತಿದ್ದೇನೆ. ಗುಂಡಿ ಸೊಂಟದವರೆಗೆ ಬಂದಿದೆ. ಇವತ್ತೂ ಬರೀ ಕೆಂಪು ಮುರಕಲ್ಲು ಸಿಕ್ಕಿತು. ನೀವು ಈ ಕಾಗದವನ್ನು ಇನ್ನೂ ಓದಿಲ್ಲ ಎಂದೇ ನಂಬಿಕೊಂಡಿದ್ದೇನೆ.

ಓದಿದ್ದರೆ, ದಯವಿಟ್ಟು ಎದ್ದೇಳಿ.

ವಾರಿಜಳ ಅಮ್ಮ,
ಕಲ್ಯಾಣಿ