ಅಪ್ಪನ ನುಂಗುವ ಪಾಠ

ಅಮ್ಮ,

ನೀನು ಹೋದಮೇಲೆ ಅಪ್ಪನಿಗೆ ಗಂಟಲ ಕ್ಯಾನ್ಸರ್ ಬಂತು. ರೇಡಿಯೇಶನ್ ಮುಗಿದಿದೆ. ಈಗ ಅವರು ನುಂಗುವುದನ್ನು ಹೊಸದಾಗಿ ಕಲಿಯಬೇಕು. ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಮೆಲ್ಲಗೆ ಹಿಡಿದು, ಬರೀ ಎಂಜಲು ನುಂಗುವುದು ಒಂದು ವ್ಯಾಯಾಮ. "ಬಿಟ್ಟರೆ ಗಂಟಲು ಬಿಗಿದುಕೊಳ್ಳುತ್ತೆ, ಆಮೇಲೆ ಊಟಕ್ಕೆ ಟ್ಯೂಬೇ ಗತಿ" ಎಂದಿದ್ದಾರೆ ಥೆರಪಿಸ್ಟ್.

ಇವತ್ತು ಬೆಳಿಗ್ಗೆ, "ಇನ್ನೊಂದು ಸಲ, ಅಪ್ಪಾ" ಅಂದೆ.

"ನಿಮ್ಮಮ್ಮನ ಥರ ಪ್ರಾಣ ತಿನ್ಬೇಡ" ಎಂದು ಗೊಗ್ಗರು ದನಿಯಲ್ಲಿ ಬೈದು, ಸ್ಟೀಲ್ ಲೋಟವನ್ನು ನನ್ನ ಮುಖಕ್ಕೆ ಬೀಸಿದರು. ಹುಬ್ಬು ಒಡೆಯಿತು.

ಬಾಗಿಲಲ್ಲಿದ್ದ ತಂಗಿ ನಕ್ಕಳು. "ಕೈಗೇನೂ ಕ್ಯಾನ್ಸರ್ ಬಂದಿಲ್ಲ ನೋಡು."

ನನಗೂ ನಗು ಬಂತು. ನಗುತ್ತಲೇ ಅವರ ದವಡೆ ಹಿಡಿದೆ. ಚಿಕ್ಕಂದಿನಲ್ಲಿ ನಾನು ಊಟ ಬೇಡವೆಂದಾಗ ಅವರು ನನ್ನ ದವಡೆ ಹಿಡಿಯುತ್ತಿದ್ದರಲ್ಲ, ಹಾಗೆಯೇ, ಹೆಬ್ಬೆರಳು ಒಂದು ಕೆನ್ನೆಗೆ, ಉಳಿದ ಬೆರಳು ಇನ್ನೊಂದಕ್ಕೆ. "ನಾಲಿಗೆ ಹಿಡಿ" ಅಂದೆ, ಏಕವಚನದಲ್ಲಿ. ಅವರು ಹೆದರಿ ಹಿಡಿದರು. "ಈಗ ನುಂಗು" ಎಂದು ಗಲ್ಲವನ್ನು ಮೇಲಕ್ಕೆ ಒತ್ತಿದೆ. ನಾಲಿಗೆ ಹಲ್ಲುಗಳ ನಡುವೆ ಇರುವುದು ನನಗೆ ಮರೆತಿತ್ತೇ? ಇಲ್ಲವೆಂದೇ ಕಾಣುತ್ತದೆ. ರಕ್ತ ನನ್ನ ಮಣಿಕಟ್ಟಿಗೆ ಇಳಿಯಿತು. ಆಗಲೂ ನಾನು ಕೈ ತೆಗೆಯಲಿಲ್ಲ. ಅವರು ನುಂಗಿದರು.

"ಅಕ್ಕಾ" ಅಂದಳು ತಂಗಿ. ಬಿಡಿಸಲು ಬರುತ್ತಾಳೆ ಅಂದುಕೊಂಡೆ.

ಅವಳು ಅಡುಗೆಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು, ಪಕ್ಕದ ಮನೆಗೆ ನಮ್ಮ ಅಳು ಕೇಳಿಸದಿರಲೆಂದು ನೀನು ತಿರುಗಿಸುತ್ತಿದ್ದಂತೆಯೇ.