ನಾಲ್ಕು ಗಂಟೆಯ ಲೋಟ

ಅಡುಗೆಮನೆಯ ಮೇಜಿನಿಂದ,
ಏಪ್ರಿಲ್ ಹದಿನಾಲ್ಕು, ಸಂಜೆ

ಪ್ರೀತಿಯ ಅತ್ತೆ,

ನಿಮ್ಮ ಮಂಡಿನೋವು ಹೇಗಿದೆ? ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಳಿಯಬೇಡಿ ಎಂದರೆ ಕೇಳುವವರಲ್ಲ ನೀವು, ಆದರೂ ಹೇಳಿದ್ದೇನೆ. ನಾದಿನಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳಾ? ಕೂಸು ರಾತ್ರಿ ಕಣ್ಣು ಮುಚ್ಚಲು ಬಿಡುತ್ತದಾ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಗಳ ಹತ್ತಿರ ಇನ್ನೂ ಮೂರು ತಿಂಗಳು ಇರಲಾ, ಮಾವನಿಗೆ ಕಷ್ಟವಾಗುತ್ತದಾ ಎಂದು ಕೇಳಿದ್ದೀರಿ. ನಿಮ್ಮ ಕಾಗದವನ್ನು ಮಾವನಿಗೆ ಓದಿ ಹೇಳಿದೆ. ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನಂಗೇನಾಗಿದೆ, ಗುಂಡುಕಲ್ಲಿನ ಹಂಗಿದೀನಿ. ಆರಾಮಾಗಿ ಇದ್ದು ಬರಲಿ ಅಂತ ಬರಿ" ಎಂದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ಅವರ ಬಾಯಿ ಮೇಲೆ ಒಂದು ಕಣ್ಣಿಟ್ಟಿರು" ಎಂದಿದ್ದಿರಲ್ಲ, ಅದರ ವರದಿ ಈಗ ಒಪ್ಪಿಸುತ್ತೇನೆ. ಮೊದಲ ವಾರವೇ ಸೋತುಹೋದೆ. ದಿನಾ ನಾಲ್ಕು ಗಂಟೆಗೆ ನೀವು ಬಾರ್ಲಿ ನೀರಿನ ಜಗ್ ಹಿಡಿದು ಮುಂದಿನ ಕೋಣೆಯ ಅಂಗಡಿಗೆ ಹೋಗುತ್ತಿದ್ದಿರಿ. ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತೇನೆ. ಮಾವ ಏನು ಮಾಡಿದರು ಗೊತ್ತಾ? ಮೂಲೆಯಂಗಡಿಯಿಂದ ಕಿತ್ತಳೆ ಬಣ್ಣದ ಪಾನೀಯದ ದೊಡ್ಡ ಬಾಟಲಿ ತಂದು, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿಯ ಬುಟ್ಟಿಯಲ್ಲಿ ಮಲಗಿಸಿಟ್ಟರು. ಕಸ ಗುಡಿಸುವಾಗ ಸಿಕ್ಕಿಬಿತ್ತು. ಅದರ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದೆ. ಸಕ್ಕರೆ, ಬಣ್ಣ, ಕೃತಕ ಸುವಾಸನೆ, ಕೆಡದಿರಲು ಹಾಕುವ ಯಾವುದೋ ರಾಸಾಯನಿಕ, ಎಲ್ಲ ಇದ್ದವು, ಹಣ್ಣು ಮಾತ್ರ ಇರಲಿಲ್ಲ. "ಇದೆಯಲ್ಲಮ್ಮ, ಇಲ್ನೋಡು" ಎಂದು ಚಿತ್ರದ ಮೇಲೆ ಬೆರಳಿಟ್ಟರು. ನಗು ತಡೆದುಕೊಂಡು, ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರು ಎಚ್ಚರಿಸಿದ್ದನ್ನು ನೆನಪಿಸಿದೆ. "ದಿನಕ್ಕೆ ನಂದು ಒಂದೇ ಲೋಟ" ಎಂದರು. ಹಾಗಾದರೆ ಬಾಟಲಿ ಇಷ್ಟು ಬೇಗ ಹೇಗೆ ತಳ ಕಾಣುತ್ತದೆ ಎಂದು ಕೇಳಿದ್ದಕ್ಕೆ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಬಿಟ್ಟರು.

ನನ್ನ ಮಾತಿಗೆ ಬಗ್ಗದವರನ್ನು ಬಗ್ಗಿಸಿದ್ದು ಹಿಂದಿನ ಬೀದಿಯ ನರ್ಸಮ್ಮನ ಬಿಳಿ ಕೋಟು. ಹೊಲಿದು ಮುಗಿದು, ಗುಂಡಿ ಹಾಕುವುದೊಂದೇ ಬಾಕಿ ಇತ್ತು. ಅದರ ತೋಳಿನ ಮೇಲೆ ಆ ಕಿತ್ತಳೆ ನೀರು ಚೆಲ್ಲಿತು. ಸೋಪು ಹಾಕಿದರು, ನಿಂಬೆ ಉಜ್ಜಿದರು, ಬಿಸಿಲಿಗೆ ಹಾಕಿದರು. ಮಸಿ, ಎಣ್ಣೆ, ತುಕ್ಕು, ಯಾವ ಕಲೆಯನ್ನೂ ಬಿಡದವರು ಇದರ ಮುಂದೆ ಕೈಚೆಲ್ಲಿ ಕೂತರು. "ದುಡ್ಡು ಕೊಟ್ಟು ತರೋ ಬಣ್ಣದ ಬಟ್ಟೆ ಎರಡು ಸಲ ಒಗೆದ್ರೆ ಮಂಕಾಗುತ್ತೆ. ಕುಡಿಯೋ ನೀರಿಗೆ ಯಾಕೆ ಬೇಕಿತ್ತು ಇಷ್ಟು ಗಟ್ಟಿ ಬಣ್ಣ?" ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡು, ಉಳಿದದ್ದನ್ನು ಮೋರಿಗೆ ಸುರಿದರು. ನರ್ಸಮ್ಮನಿಗೆ ತಮ್ಮ ದುಡ್ಡಿನಲ್ಲೇ ಬಟ್ಟೆ ತಂದು ಹೊಸ ಕೋಟು ಹೊಲಿದುಕೊಟ್ಟರು. ಕಲೆಯ ಕೋಟು ಈಗ ಯಂತ್ರಕ್ಕೆ ಮುಸುಕಾಗಿದೆ.

ಈಗ ಬೆಳಿಗ್ಗೆಯೇ ಬಾರ್ಲಿ ಬೇಯಿಸಿ ಸೋಸಿ, ನಿಂಬೆರಸ, ಚಿಟಿಕೆ ಉಪ್ಪು ಹಾಕಿಟ್ಟು ಹೊರಡುತ್ತೇನೆ. ಬೇಸರವಾದ ದಿನ ಬರೀ ನೀರಿಗೆ ಸೌತೆಕಾಯಿ ಬಿಲ್ಲೆ, ನಾಲ್ಕು ಪುದೀನಾ ಎಲೆ. ಆ ಒಂದು ಬಾಟಲಿಯ ಬೆಲೆಗೆ ವಾರಕ್ಕಾಗುವಷ್ಟು ಬಾರ್ಲಿ ಬರುತ್ತದೆ. ನಿಮ್ಮ ಮಗನೂ ಪೊಟ್ಟಣದ ಜ್ಯೂಸು ಬಿಟ್ಟಿದ್ದಾರೆ. ಬಿಡದೆ ಏನು ಮಾಡುತ್ತಾರೆ, ನಾನು ತರುವುದನ್ನೇ ನಿಲ್ಲಿಸಿದೆನಲ್ಲ. ಮಾವ ಮಾತ್ರ ದಿನಾ "ನಿಮ್ಮತ್ತೆ ಮಾಡೋ ಹಂಗಿಲ್ಲ" ಎನ್ನುತ್ತಾರೆ, ಜಗ್ ಮಾತ್ರ ಸಂಜೆಗೆ ಖಾಲಿ. ಕೇಳಿದರೆ ಮತ್ತದೇ ರಾಗ, "ನಂದು ಒಂದೇ ಲೋಟ." ಗಿರಾಕಿಗಳಿಗೆ ಕೊಡುತ್ತಾರೇನೋ ಎಂದು ನರ್ಸಮ್ಮನನ್ನು ವಿಚಾರಿಸಿದರೆ, "ನಂಗೆ ಒಂದು ತೊಟ್ಟೂ ಕೊಟ್ಟಿಲ್ಲ, ಪುಣ್ಯಾತ್ಮ" ಎಂದಳು. ಹೋಗಲಿ, ಬಾರ್ಲಿ ನೀರು ತಾನೆ, ಕುಡಿಯಲಿ ಎಂದು ಸುಮ್ಮನಾದೆ.

ನಾದಿನಿಗೆ ನನ್ನ ಪ್ರೀತಿ, ಕೂಸಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿಮ್ಮ ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ನಿಮಗೆ ನನ್ನ ನಮಸ್ಕಾರಗಳು.

ನಿಮ್ಮ ಸೊಸೆ,
ವಟವಟ (ನೀವಿಟ್ಟ ಹೆಸರೇ)

ತಾ.ಕ.: ಮೇಲಿನದನ್ನೆಲ್ಲ ಮಾವ ಓದಿ, "ಸರಿಯಾಗಿದೆ, ಹಾಕು" ಎಂದಿದ್ದಾರೆ. ಇದನ್ನು ಮಾತ್ರ ಅವರಿಗೆ ಕಾಣದ ಹಾಗೆ ಅಂಚೆ ಡಬ್ಬದ ಪಕ್ಕ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನಿನ್ನೆ ತಲೆನೋವೆಂದು ಕಚೇರಿಯಿಂದ ಬೇಗ ಬಂದೆ. ಸರಿಯಾಗಿ ನಾಲ್ಕು ಗಂಟೆ. ಬಾಗಿಲ ಸಂದಿಯಿಂದ ಕಂಡಿತು, ಮಾವ ಎರಡು ಲೋಟ ತುಂಬಿಸಿದರು. ನೀವು ಗುಂಡಿ ಹಾಕಲು ಕೂರುವ ಕುರ್ಚಿಯ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ ಒಂದನ್ನಿಟ್ಟರು. ಇನ್ನೊಂದನ್ನು ತಾವು ಕುಡಿದರು. ಯಂತ್ರದ ಮುಂದೆ ಕೂತು ಒಂದು ಅಂಚು ಹೊಲಿದು ಮುಗಿಸಿದರು. ಆಮೇಲೆ ಎದ್ದು, ಚೆಲ್ಲಲು ಮನಸ್ಸಾಗದೆ, ನಿಮ್ಮದನ್ನೂ ಕುಡಿದು ಎರಡೂ ಲೋಟ ತೊಳೆದು ಬೋರಲು ಹಾಕಿದರು. ಅವರು ಸುಳ್ಳು ಹೇಳಿರಲಿಲ್ಲ ಅತ್ತೆ, ಅವರದು ಒಂದೇ ಲೋಟ. ಮೂರು ತಿಂಗಳು ಬೇಡ, ಬೇಗ ಬಂದುಬಿಡಿ.