ಸೋಮವಾರ ನಿಂತ ಬಂಡಿಗಳು

ಕೌತಾಳಂ, ಆದೋನಿ ತಾಲ್ಲೂಕು,
ಬಳ್ಳಾರಿ ಜಿಲ್ಲೆ
ಗುರುವಾರ, ೧೦ ಫೆಬ್ರವರಿ ೧೯೩೮

ನನ್ನ ಪ್ರೀತಿಯ ಪೊಲೀಸಿನವರಿಗೆ,

ನಿಮ್ಮ ಬಸಲಿಂಗಮ್ಮನ ನಮಸ್ಕಾರಗಳು. ಹಿಮ್ಮಡಿ ಹುಣ್ಣು ಮಾಯಿತೇ? ಸರ್ಕಾರದ ಬೂಟು ನಿಮ್ಮ ಕಾಲಿಗೆ ಹೊಂದುವುದಿಲ್ಲ ಎಂದು ಅಳತೆಗೆ ಕರೆದ ದಿನವೇ ಹೇಳಿದ್ದೆ, ಕೇಳಲಿಲ್ಲ. ಬೇವಿನೆಣ್ಣೆ ಹಚ್ಚಿ. ಅನಂತಪುರದ ಪೊಲೀಸ್ ಲೈನಿನಲ್ಲಿ ರೊಟ್ಟಿ ತಟ್ಟುವವರು ಯಾರೂ ಇಲ್ಲವೆಂದು ಬರೆದಿದ್ದಿರಿ; ಕ್ವಾರ್ಟರ್ಸು ಸಿಕ್ಕರೆ ತಟ್ಟುವವಳು ಇಲ್ಲಿ ಕಾದು ಕುಳಿತಿದ್ದಾಳೆ ಎಂಬುದನ್ನು ನೆನಪಿಡಿ. ಅತ್ತೆಯವರ ಮಂಡಿನೋವು ಇಳಿದಿದೆ. ಮಾವನವರು ಗಟ್ಟಿಯಾಗಿದ್ದಾರೆ, ಎಷ್ಟು ಗಟ್ಟಿ ಎಂಬುದನ್ನೇ ಈಗ ಬರೆಯಲು ಕುಳಿತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ಗಾಬರಿಯಾಗಬೇಡಿ, ಖುಷಿಗೆ ಅವಸರದಲ್ಲಿ ಬರೆಯುತ್ತಿದ್ದೇನೆ.

ಹದಿನೈದು ದಿನದಿಂದ ಒಂದು ಸುದ್ದಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ. ಎರಡು ವಾರದ ಹಿಂದೆ ಒಂದು ಭಾನುವಾರ ಮಾವನವರು ಹತ್ತಿ ಹೇರಿಕೊಂಡು ಆದೋನಿಗೆ ಹೊರಟರು. ಅಕ್ಕನ ಮನೆಗೆ ಹೋಗಬೇಕಿತ್ತೆಂದು ನಾನೂ ಹತ್ತಿಯ ಮೇಲೆ ಹತ್ತಿ ಕುಳಿತೆ. ಹಿಂದಿನ ಬಂಡಿಯಲ್ಲಿ ಕುರಿಹಟ್ಟಿಯ ಸುಂಕಪ್ಪ ಮತ್ತು ಅವನ ಹೆಂಡತಿ ಲಿಂಗಕ್ಕ, ಅವರ ಹಿಂದೆ ಇನ್ನೂ ಊರ ಬಂಡಿಗಳು. ನಮ್ಮವರ ಲೆಕ್ಕ ನಿಮಗೆ ಗೊತ್ತೇ ಇದೆ: ಭಾನುವಾರ ಸಂಜೆಗೆ ಪೇಟೆ ಸೇರಿ ಎತ್ತಿನ ಕೊರಳು ಬಿಚ್ಚಿದರೆ, ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಮಂಗಳವಾರ ಹತ್ತಿ ತೂಕ. ಆದರೆ ಆದೋನಿಯ ಹೊರಗಿನ ಪೊಲೀಸ್ ಚೌಕಿಯ ಹತ್ತಿರ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಬಂಡಿಯ ಅಚ್ಚಿಗೆ ಕಂದೀಲು ಕಟ್ಟಿತ್ತು, ಹಚ್ಚಿರಲಿಲ್ಲ. ಹೊಸದಾಗಿ ಬಂದ ಕಾನ್‌ಸ್ಟೇಬಲ್ ಒಬ್ಬ “ಆಪು! ಬಂಡಿ ಆಪು!” ಎಂದು, ನಿಲ್ಲಿಸಿ ಎನ್ನುವುದನ್ನು ತೆಲುಗಿನಲ್ಲಿ ಕೂಗುತ್ತಾ ಓಡಿ ಬಂದು ನಮ್ಮ ಎತ್ತಿನ ಮೂಗುದಾರವನ್ನೇ ಹಿಡಿದ. ಎತ್ತು ಬೆದರಿತು. ಆಮೇಲೆ ಬ್ಯಾಟರಿ ಬೆಳಕನ್ನು ನನ್ನ ಮುಖಕ್ಕೇ ಬಿಟ್ಟ. ಯಾಕೆ ನಿಲ್ಲಿಸಿದ್ದು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರು ಬರುವವರೆಗೆ ಯಾರೂ ಹೋಗಬಾರದು ಎಂದು ಎಲ್ಲ ಬಂಡಿಗಳನ್ನೂ ದಾರಿಯಲ್ಲೇ ನಿಲ್ಲಿಸಿಬಿಟ್ಟ.

ಬೆಳಿಗ್ಗೆ ಆ ಸಬ್ ಇನ್ಸ್‌ಪೆಕ್ಟರು ಬಂದರು. ನೆಲ್ಲೂರಿನ ಕಡೆಯವರಂತೆ, ಇಲ್ಲಿಗೆ ಬಂದು ತಿಂಗಳೂ ಆಗಿಲ್ಲ. ಕಂದೀಲು ಹಚ್ಚಿಕೊಂಡು ತಿರುಗಿ ಎಂದು ಬುದ್ಧಿ ಹೇಳಿ, ಇನ್ನು ಹೋಗಿ ಎಂದರು. ಯಾರೂ ಕದಲಲಿಲ್ಲ. ಸೋಮವಾರ! ಮಾವನವರು ಕೈಮುಗಿದೇ ಹೇಳಿದರು: “ನಿನ್ನಿ ಹೋಗ್ತೀವಿ ಅಂದ್ರ ನಿಲ್ಲಂದ್ರಿ. ಇವತ್ತ ಎತ್ತು ಹೂಡಂಗಿಲ್ರಿ, ನಾಳಿ ಹೋಗ್ತೀವಿ.” ಇನ್ಸ್‌ಪೆಕ್ಟರಿಗೆ ಅದು ತಲೆಗೆ ಹೋಗಲಿಲ್ಲ. ತಮ್ಮ ಜನರಿಂದಲೇ ಎತ್ತು ಕಟ್ಟಿಸಲು ಹೋದಾಗ ಮಾವನವರು ನೊಗದ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತರು. ಅವರನ್ನು ನೋಡಿ ಸುಂಕಪ್ಪ ಕುಳಿತ, ಸುಂಕಪ್ಪನನ್ನು ನೋಡಿ ಉಳಿದವರೂ ಕುಳಿತರು. ಇನ್ಸ್‌ಪೆಕ್ಟರಿಗೆ ಅಷ್ಟೇ ಸಾಕಾಯಿತು. ಇದು ಸತ್ಯಾಗ್ರಹ, ನಿಮ್ಮನ್ನು ಕಳಿಸಿದ ಮುಖಂಡ ಯಾರು ಹೇಳಿ ಎಂದು ತೆಲುಗಿನಲ್ಲಿ ಗದರಿದರು. “ಹತ್ತಿ ಮಾರಾಕ ಬಂದೀವ್ರಿ, ನಮ್ಮನ್ನ ಯಾರ ಕಳಸ್ತಾರ?” ಎಂದರು ಮಾವ. ಯಾರೋ ದಾರಿಹೋಕರು ಜೈಕಾರ ಬೇರೆ ಕೂಗಿಬಿಟ್ಟರು! ನನಗೆ ಒಂದು ಕಡೆ ನಗು, ಒಂದು ಕಡೆ ಭಯ.

ಭಯ ಯಾಕೆಂದರೆ ರಸ್ತೆ ತಡೆದರೆಂದು ಮಾವನವರ ಮೇಲೆ ಕೇಸು ಬರೆದರು. ಪೊಲೀಸನ ಅಪ್ಪನೇ ಸತ್ಯಾಗ್ರಹಿ ಎಂದು ಅನಂತಪುರಕ್ಕೆ ತಿಳಿದರೆ ನಿಮ್ಮ ನೌಕರಿ ಉಳಿಯುವುದೇ? “ಮಗ ಪೊಲೀಸನಾಗ್ಯಾನ ಅಂತ ಒಂದ ಮಾತು ಹೇಳೋ ಯಣ್ಣಾ, ಇಲ್ಲೇ ಬಿಡ್ತಾರ” ಎಂದು ಸುಂಕಪ್ಪ ಗೋಗರೆದ. ಮಾವನವರು ತುಟಿ ಬಿಚ್ಚಲಿಲ್ಲ. ನೀವು ಖಾಕಿ ಹಾಕಿದ ದಿನ, ಊರವರ ಬಂಡಿ ತಡೆಯುವವನು ಈ ಮನೆಯವನಲ್ಲ ಎಂದು ಅವರು ಹೇಳಿದ್ದು ನಿಮ್ಮ ಕಿವಿಯಲ್ಲಿ ಇನ್ನೂ ಇರಬೇಕು. ಎರಡು ವರ್ಷವಾಯಿತು, ನೀವು ಹೊಸಿಲು ತುಳಿದಿಲ್ಲ, ಅವರು ನಿಮ್ಮ ಹೆಸರೆತ್ತಿಲ್ಲ. ಜೈಲಿಗೆ ಹೋದರೂ ಎತ್ತಲಾರರು, ಅಷ್ಟು ಕೋಪ ಎಂದು ಆ ದಿನ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು.

ಆದರೆ ನಮ್ಮ ಅದೃಷ್ಟ ನೋಡಿ. ಮಧ್ಯಾಹ್ನ ಬಳ್ಳಾರಿಯಿಂದ ಬರುತ್ತಿದ್ದ ದೊಡ್ಡ ಪೊಲೀಸ್ ಸಾಹೇಬರ ಮೋಟಾರು ಅದೇ ಬಂಡಿಗಳ ಹಿಂದೆ ಬಂದು ಸಿಕ್ಕಿಕೊಂಡಿತು! ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಇಳಿದು ಬಂದು ಎಲ್ಲ ಕೇಳಿದರು, ಸೋಮವಾರದ ಮಾತು ಬಂದಾಗ ಟೋಪಿ ತೆಗೆದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬಂಡಿ ನಿಲ್ಲಿಸುವ ರೀತಿಯೇ ಬದಲಾಗಬೇಕು, ಹೇಗೆಂದು ಬಂಡಿಯವರೇ ಬಂದು ಹೇಳಲಿ, ಅಲ್ಲಿಯವರೆಗೆ ಕೇಸು ಹಾಗೇ ಇರಲಿ ಎಂದರು.

ಆ ಸಭೆ ನಿನ್ನೆ ಆಯಿತು. ಆದೋನಿಯ ಹತ್ತಿ ಜಿನ್ನಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಆಸ್ಪರಿಯ ಕಡೆಯವರೂ ಬಂದಿದ್ದರು. ಮೊದಲು ಯಾರೂ ಬಾಯಿ ತೆರೆಯಲೊಲ್ಲರು, ಪೊಲೀಸರ ಎದುರಿಗೆ ಪೊಲೀಸರ ತಪ್ಪು ಹೇಳುವುದೆಂದರೆ ಸುಮ್ಮನೆಯೇ? ಆಗ ಹೆಂಗಸರ ಸಾಲಿನಿಂದ ಲಿಂಗಕ್ಕ ಎದ್ದಳು: “ಯಪ್ಪಾ, ಮೂಗುದಾರಕ್ಕ ಕೈ ಹಾಕಬ್ಯಾಡ್ರಿ. ಎತ್ತು ಬೆದರಿದ್ರ ಗಾಲ್ಯಾಗ ಸಿಗೋರು ನಾವು.” ಸಾಹೇಬರು ಬರೆದುಕೊಂಡರು! ಅದನ್ನು ನೋಡಿ ನನಗೆ ಎಲ್ಲಿಂದ ಧೈರ್ಯ ಬಂತೋ, ನಾನೂ ಎದ್ದೆ. ಹೌದು, ನಿಮ್ಮ ಹೆಂಡತಿಯೇ! “ನಿಲ್ಲಿಸಿದ ಕೂಡ್ಲೆ ಯಾಕ ನಿಲ್ಲಿಸೀವಿ ಅಂತ ಹೇಳ್ರಿ. ಹೆಣ್ಮಕ್ಕಳ ಮುಖಕ್ಕ ಬ್ಯಾಟರಿ ಬಿಡಬ್ಯಾಡ್ರಿ” ಎಂದೆ. ಅದನ್ನೂ ಬರೆದುಕೊಂಡರು. ಅಲ್ಲಿಂದ ಮುಂದೆ ಎಲ್ಲರಿಗೂ ಬಾಯಿ ಬಂತು. ಕಂದೀಲು ಹಚ್ಚಿಲ್ಲದಿದ್ದರೆ ಅಲ್ಲೇ ಹಚ್ಚಿಸಿ ಕಳಿಸಬೇಕು, ಭಾನುವಾರ ಸಂಜೆ ಯಾರ ಬಂಡಿಯನ್ನೂ ತಡೆದು ರಾತ್ರಿಯೆಲ್ಲ ನಿಲ್ಲಿಸಬಾರದು ಎಂದು ಕೊನೆಗೆ ಸಾಹೇಬರೇ ಓದಿ ಹೇಳಿದರು. ಕೇಸು ವಜಾ! ಇನ್ಸ್‌ಪೆಕ್ಟರು ತಾವಾಗಿ ಬಂದು ಮಾವನವರ ಕೈ ಹಿಡಿದು, ಸೋಮವಾರದ ಸಂಗತಿ ತಿಳಿಯದೇ ಹೋಯಿತು ಎಂದರು. ದಾರಿಯುದ್ದಕ್ಕೂ ಲಿಂಗಕ್ಕ ಹಾಡುತ್ತಾ ಬಂದಳು, ನನಗಂತೂ ರಾತ್ರಿ ನಿದ್ದೆ ಹತ್ತಲಿಲ್ಲ.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ತುಂಬ ಉಣ್ಣಬೇಕಂತೆ. ಸುಂಕಪ್ಪ, ಲಿಂಗಕ್ಕ ಕೇಳಿದ್ದಾರೆ. ಉರುಕುಂದದ ಈರಣ್ಣ ಸ್ವಾಮಿ ನಿಮ್ಮನ್ನು ತಣ್ಣಗಿಟ್ಟಿರಲಿ.

ಸಭೆಯಲ್ಲಿ ಮಾತಾಡಿ ಬಂದ ನಿಮ್ಮ
ಬಸಲಿಂಗಮ್ಮ

ಮತ್ತೆ: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯವಾದದ್ದೇ ಉಳಿದಿದೆ. ಸಭೆ ಮುಗಿಯುವ ಮುಂಚೆ ಮಾವನವರು ಎದ್ದು, “ನಮ್ಮ ವಾರ, ನಮ್ಮ ಪದ್ಧತಿ ಬಲ್ಲವನೊಬ್ಬ ಆ ಚೌಕ್ಯಾಗ ಇರ್ಬೇಕ್ರಿ” ಎಂದರು. ಅಂಥವನು ಎಲ್ಲಿದ್ದಾನೆ ಎಂದು ಸಾಹೇಬರು ಕೇಳಿದರು. ಮಾವನವರು ಎಲ್ಲರೆದುರಿಗೆ ನಿಮ್ಮ ಹೆಸರು ಹೇಳಿದರು! ನಾನು ಬರೆಯುವಂತಿಲ್ಲದ ಹೆಸರನ್ನು, ಅಪ್ಪನ ಹೆಸರು, ಊರ ಹೆಸರು ಕೂಡಿಸಿ, “ನನ್ನ ಮಗ ಅದಾನ್ರಿ, ಅನಂತಪುರದಾಗ” ಎಂದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸಾಹೇಬರೇ ಬೆರಗಾದರು. “ನನ್ನ ಕೇಸು ಬಿಡಿಸಿಕೊಳ್ಳಾಕ ಹೇಳಿದ್ರ ಅವನ ಮಾನ ಹೋಗ್ತಿತ್ರಿ. ಈಗ ಕೇಸು ಹೋತು, ಈಗ ಹೇಳ್ತೀನಿ” ಎಂದರು. ನಾನು ಕೋಪವೆಂದುಕೊಂಡಿದ್ದು ಕೋಪವೇ ಅಲ್ಲ. ಸಾಹೇಬರು ನಿಮ್ಮನ್ನು ಇಲ್ಲಿಗೆ ಕೇಳಿ ಬರೆಯುತ್ತಾರಂತೆ, ಒಲ್ಲೆ ಅನ್ನಬೇಡಿ. ಈಗ ಮಾವನವರು ನನ್ನ ಬೆನ್ನ ಹಿಂದೆಯೇ ನಿಂತು, ಓದಲು ಬಾರದಿದ್ದರೂ ಕಾಗದ ನೋಡುತ್ತಾ, “ಖಾಕಿ ಹಾಕ್ಕೊಂಡ ಬಾ ಅಂತ ಬರಿಯವ್ವಾ” ಎನ್ನುತ್ತಿದ್ದಾರೆ.